ಮುಂಬಯಿ–ಮದ್ರಾಸ್ ಆಕಾಶಮಾರ್ಗ ಮತ್ತು ಬಳ್ಳಾರಿಯಲ್ಲಿ ಒಂದು ರಾತ್ರಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸ ವಿಷಯದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಂಪಿಯ ಬಗ್ಗೆಯೇ ಬರೆಯುತ್ತೀರಲ್ಲವೇ ಎಂದು ತಾವೇ ಊಹಿಸಿದ್ದರು. ಬಳ್ಳಾರಿ ಸೀಮೆಯ ಇತಿಹಾಸದ ಮೇಷ್ಟ್ರು ಬರೆದರೆ ಹಂಪಿ, ಇಲ್ಲವೇ ಬಳ್ಳಾರಿ ಕೋಟೆ, ಇಲ್ಲವೇ ಕುಡತಿನಿಯ ಬೂದಿದಿಬ್ಬ. ವಾಡಿಕೆ ಹಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಂಪಿಯ ಬಗ್ಗೆ ಬರೆಯುವವರು ನೂರಾರು ಜನ ಇದ್ದಾರೆ. ನಮ್ಮ ಜಿಲ್ಲೆಯ ಹೆಸರು ಭಾರತದ ವಿಮಾನಯಾನದ ಚರಿತ್ರೆಯ ಮೊದಲ ಪುಟದಲ್ಲೇ ಇದೆ ಎಂಬುದನ್ನು ಬರೆದವರು ಕಡಿಮೆ, ತಿಳಿದವರು ಇನ್ನೂ ಕಡಿಮೆ. ಆದ್ದರಿಂದ ಈ ಸಲ ಅದೇ ಇರಲಿ ಎಂದುಕೊಂಡೆ.

ವಿಷಯಕ್ಕೆ ಬರಲು ಒಂದು ಸಣ್ಣ ಪ್ರಶ್ನೆ ಸಾಕು. ಮುಂಬಯಿಯಿಂದ ಚೆನ್ನೈಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಈಗಿನ ಮಕ್ಕಳು ಮೊಬೈಲ್ ತೆಗೆದು ಒಂದೇ ಗಳಿಗೆಯಲ್ಲಿ ಹೇಳಿಬಿಡುತ್ತಾರೆ: ದೂರ ಸುಮಾರು 1,030 ಕಿಲೋಮೀಟರ್, ಹೊತ್ತು ಹೆಚ್ಚುಕಡಿಮೆ ಎರಡು ಗಂಟೆ. ಉತ್ತರ ಸರಿಯೇ. ಆದರೆ ಈ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಭೂಮಿ ಹುಟ್ಟಿದಂದಿನಿಂದ ಹಾಗೆಯೇ ಇದೆ, ಎರಡನೆಯದನ್ನು ಮನುಷ್ಯರು ಒಂದೊಂದು ಗಂಟೆಯಾಗಿ ಕಡಿಮೆ ಮಾಡಿದ್ದಾರೆ. ಆ ಕೆಲಸ ಶುರುವಾದದ್ದು 1932ರ ಅಕ್ಟೋಬರ್ ತಿಂಗಳಿನಲ್ಲಿ. ಅದರ ಮೊದಲ ರಾತ್ರಿ ಕಳೆದದ್ದು ಬಳ್ಳಾರಿಯಲ್ಲಿ.

ಮೊದಲು ದೂರದ ಮಾತು. ನಮ್ಮ ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯವನ್ನು ಕಲಿತವರೆಲ್ಲರೂ ಇದನ್ನು ತಾವೇ ಲೆಕ್ಕ ಹಾಕಬಹುದು. ಅಟ್ಲಾಸಿನಲ್ಲಿ ಮುಂಬಯಿ ವಿಮಾನ ನಿಲ್ದಾಣದ ಅಕ್ಷಾಂಶ ಸುಮಾರು 19.1 ಡಿಗ್ರಿ, ಚೆನ್ನೈಯದು 13 ಡಿಗ್ರಿ. ವ್ಯತ್ಯಾಸ 6.1. ಒಂದು ಡಿಗ್ರಿ ಅಕ್ಷಾಂಶವೆಂದರೆ 111 ಕಿ.ಮೀ.; ಅಂದರೆ ಉತ್ತರ ದಕ್ಷಿಣವಾಗಿ 677 ಕಿ.ಮೀ. ರೇಖಾಂಶದ ವ್ಯತ್ಯಾಸ 7.3 ಡಿಗ್ರಿ. ಆದರೆ ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ 107 ಕಿ.ಮೀ. ಹಿಡಿಯಬೇಕು. ಪೂರ್ವ ಪಶ್ಚಿಮವಾಗಿ ಸುಮಾರು 780 ಕಿ.ಮೀ. ಆಯಿತು. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 1,030ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಭೂಮಿ ಚಪ್ಪಟೆಯಲ್ಲ ಎಂಬ ಕಾರಣಕ್ಕೆ ದೊಡ್ಡ ದೂರಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಮುಂಬಯಿ–ಚೆನ್ನೈಯಷ್ಟಕ್ಕೆ ಧಾರಾಳವಾಗಿ ಸಾಕು.

ಇದೇ ಲೆಕ್ಕವನ್ನು ಮುಂಬಯಿ–ಬಳ್ಳಾರಿ, ಬಳ್ಳಾರಿ–ಚೆನ್ನೈ ಎಂದು ಎರಡು ತುಂಡು ಮಾಡಿ ಹಾಕಿ ನೋಡಿರಿ. ಮೊದಲನೆಯದು ಸುಮಾರು 613 ಕಿ.ಮೀ., ಎರಡನೆಯದು 425. ಕೂಡಿದರೆ 1,038. ಮಧ್ಯೆ ಬಳ್ಳಾರಿಯಲ್ಲಿ ಇಳಿದು ಹೋದರೆ ಹೆಚ್ಚಾಗುವುದು ಆರೇಳು ಕಿಲೋಮೀಟರ್ ಮಾತ್ರ! ನಮ್ಮ ಹಳ್ಳಿಗಳಲ್ಲಿ ಪಕ್ಕದ ಊರಿಗೆ ನಡೆದುಹೋಗುವಷ್ಟು ದೂರ. ನಕಾಶೆಯ ಮೇಲೆ ಮುಂಬಯಿಯಲ್ಲಿ ಒಂದು ಗುಂಡುಸೂಜಿ, ಮದ್ರಾಸಿನಲ್ಲಿ ಒಂದು ಗುಂಡುಸೂಜಿ ಚುಚ್ಚಿ ದಾರ ಎಳೆದರೆ, ಆ ದಾರ ಬಳ್ಳಾರಿಯನ್ನು ಸವರಿಕೊಂಡೇ ಹೋಗುತ್ತದೆ. ಸಹ್ಯಾದ್ರಿ ದಾಟಿ, ಬಾಗಲಕೋಟೆಯ ಸುತ್ತಮುತ್ತ ಕೃಷ್ಣೆಯನ್ನು ಹಾಯ್ದು, ಗಂಗಾವತಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ. ಅಲ್ಲಿಂದ ಅನಂತಪುರ, ರಾಯಚೋಟಿ, ತಿರುಪತಿ ಬೆಟ್ಟಗಳ ಪಕ್ಕದಿಂದ ಮದ್ರಾಸ್. ಬಳ್ಳಾರಿ ಕೋಟೆಯ ಒಂಟಿ ಬಂಡೆಗುಡ್ಡ ಬಯಲಿನಲ್ಲಿ ಎಷ್ಟು ದೂರದಿಂದ ಕಾಣಿಸುತ್ತದೆ ಎಂಬುದು ನಮ್ಮವರಿಗೆ ಹೇಳಬೇಕಾಗಿಲ್ಲ. ಕಣ್ಣಳತೆಯಲ್ಲೇ ದಾರಿ ಹುಡುಕಬೇಕಿದ್ದ ಕಾಲದ ಪೈಲಟ್‌ಗೆ ಇಂಥ ಗುರುತು ಬೇರೆ ಬೇಕೆ?

ರೈಲಿನವರು ಈ ಎರಡು ನಗರಗಳನ್ನು ಇದಕ್ಕೂ ಅರವತ್ತು ವರ್ಷ ಮೊದಲೇ ಜೋಡಿಸಿದ್ದರು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಗುಂತಕಲ್ಲು ನಮಗೆಲ್ಲ ಪರಿಚಿತವಾದದ್ದು ಆ ಹಳಿಯಿಂದಲೇ. ಹಳಿಯ ಹಾದಿಯಲ್ಲಿ ಮುಂಬಯಿಯಿಂದ ಚೆನ್ನೈಗೆ ಸುಮಾರು 1,280 ಕಿ.ಮೀ. ಆಗುತ್ತದೆ, ಆಕಾಶದ ದಾರಿಗಿಂತ ಇನ್ನೂರೈವತ್ತು ಹೆಚ್ಚು. ಘಟ್ಟ, ಹೊಳೆ, ಊರು ನೋಡಿಕೊಂಡು ಹೋಗಬೇಕಾದ ಹಳಿಗೆ ಆ ಸುತ್ತು ಅನಿವಾರ್ಯ.

ಈಗ 1932ಕ್ಕೆ ಬರೋಣ. ಭಾರತದಲ್ಲಿ ವಿಮಾನದಿಂದ ಟಪಾಲು ಸಾಗಿದ್ದು ಅದೇ ಮೊದಲಲ್ಲ. 1911ರ ಫೆಬ್ರವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಸಂದರ್ಭದಲ್ಲಿ ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಕಾಗದಗಳನ್ನು ಹೊತ್ತು ಯಮುನೆಯ ಆಚೆಯ ನೈನಿಗೆ ಹಾರಿದ್ದ. ಜಗತ್ತಿನಲ್ಲೇ ಅದು ಮೊದಲ ಅಧಿಕೃತ ವಿಮಾನ ಟಪಾಲು. ಆದರೆ ಅದು ಹತ್ತು ಕಿಲೋಮೀಟರಿನ ಪ್ರದರ್ಶನ, ನಿತ್ಯದ ಸೇವೆಯಲ್ಲ. ನಿತ್ಯದ ಸೇವೆಯ ದಾರಿ ತೆರೆದದ್ದು 1929ರಲ್ಲಿ, ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ವಿಮಾನ ಓಡಿಸಲು ತೊಡಗಿದಾಗ. ಹಡಗಿನಲ್ಲಿ ಎರಡು ವಾರ ಹಿಡಿಯುತ್ತಿದ್ದ ವಿಲಾಯಿತಿಯ ಕಾಗದ ಒಂದು ವಾರದ ಆಸುಪಾಸಿನಲ್ಲಿ ಕರಾಚಿಗೆ ಬಂದು ಬೀಳಲಾರಂಭಿಸಿತು. ಬಿದ್ದ ಮೇಲೆ ಮಾತ್ರ ಮತ್ತೆ ರೈಲೇ ಗತಿ. ಮುಂಬಯಿಯ ವ್ಯಾಪಾರಿಗೂ ಮದ್ರಾಸಿನ ವ್ಯಾಪಾರಿಗೂ ಆಕಾಶದಲ್ಲಿ ಉಳಿಸಿದ ದಿನಗಳನ್ನು ನೆಲದ ಮೇಲೆ ಕಳೆದುಕೊಳ್ಳುವ ಸ್ಥಿತಿ.

ಈ ಕೊರತೆಯನ್ನು ಕಂಡವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ನೌಕರಿ ಬಿಟ್ಟು ಭಾರತದ ಊರೂರುಗಳಲ್ಲಿ ದುಡ್ಡು ಕೊಟ್ಟವರನ್ನು ವಿಮಾನದಲ್ಲಿ ಕೂರಿಸಿ ಸುತ್ತು ಹಾಕಿಸುತ್ತ ತಿರುಗಾಡುತ್ತಿದ್ದರು, ಜಾತ್ರೆಯ ತೊಟ್ಟಿಲಿನ ಹಾಗೆ. ಆ ತಿರುಗಾಟದಲ್ಲಿ ಅವರಿಗೆ ಈ ದೇಶದ ಬಯಲುಗಳ, ಇಳಿಯಬಹುದಾದ ಜಾಗಗಳ ಪರಿಚಯ ಚೆನ್ನಾಗಿ ಆಯಿತು. ಅವರು ತಮ್ಮ ಯೋಜನೆಯನ್ನು ಟಾಟಾ ಸಂಸ್ಥೆಯ ತರುಣ ಜೆ.ಆರ್.ಡಿ. ಟಾಟಾ ಅವರ ಮುಂದಿಟ್ಟರು. ಜೆ.ಆರ್.ಡಿ. ಅವರಿಗೂ ವಿಮಾನದ ಹುಚ್ಚು. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಡಲಾದ ಮೊದಲ ಪೈಲಟ್ ಪರವಾನಗಿ ಅವರದೇ. ಸಂಸ್ಥೆಯ ಹಿರಿಯ ಸರ್ ದೊರಾಬ್ಜಿ ಟಾಟಾ ಅವರನ್ನು ಒಪ್ಪಿಸಿದ್ದಾಯಿತು. ಹೂಡಿದ ಬಂಡವಾಳ 2 ಲಕ್ಷ ರೂಪಾಯಿ. ಸರಕಾರವನ್ನು ಒಪ್ಪಿಸುವುದಕ್ಕೆ ಮಾತ್ರ ವರ್ಷಗಳೇ ಹಿಡಿದವು. ಸಹಾಯಧನವೇ ಬೇಡ, ಟಪಾಲಿನ ತೂಕಕ್ಕೆ ತಕ್ಕ ಹಣ ಕೊಟ್ಟರೆ ಸಾಕು ಎಂಬ ಮಾತಿಗೆ ಕೊನೆಗೆ ಸರಕಾರ ಒಪ್ಪಿತು. ವಾರಕ್ಕೊಮ್ಮೆ ಕರಾಚಿ, ಅಹಮದಾಬಾದ್, ಮುಂಬಯಿ, ಬಳ್ಳಾರಿ, ಮದ್ರಾಸ್: ಮಾರ್ಗ ಹೀಗೆ ನಿಗದಿಯಾಯಿತು.

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ 6.35ಕ್ಕೆ ಜೆ.ಆರ್.ಡಿ. ಅವರು ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಒಬ್ಬರೇ ಹೊರಟರು. ವಿಮಾನ ಡಿ ಹ್ಯಾವಿಲೆಂಡ್ ಕಂಪನಿಯ ‘ಪುಸ್ ಮಾತ್’. ಒಂದೇ ಎಂಜಿನ್, 120 ಅಶ್ವಶಕ್ತಿ. ಈಗಿನ ಕೆಲವು ಕಾರುಗಳಿಗೆ ಇದಕ್ಕಿಂತ ಹೆಚ್ಚಿದೆ. ಉಕ್ಕಿನ ಕೊಳವೆಗಳ ಚೌಕಟ್ಟು, ಮರದ ರೆಕ್ಕೆ, ಮೇಲೆ ಹೊದಿಸಿದ ಬಟ್ಟೆ. ಪೈಲಟ್ ಅಲ್ಲದೆ ಒಬ್ಬಿಬ್ಬರು ಕೂರುವಷ್ಟು ಜಾಗ. ಅದರಲ್ಲಿ ತುಂಬಿದ್ದ ಟಪಾಲು 55 ಪೌಂಡ್, ಅಂದರೆ 25 ಕೆ.ಜಿ.; ಅರ್ಧ ಚೀಲ ಜೋಳದಷ್ಟು. ರೇಡಿಯೊ ಇಲ್ಲ, ನೆಲದಿಂದ ದಾರಿ ತೋರಿಸುವವರಿಲ್ಲ. ದಿಕ್ಸೂಚಿ, ನಕಾಶೆ, ಕೆಳಗೆ ಕಾಣುವ ಹೊಳೆ ಹಳಿಗಳು, ಇವೇ ಆಧಾರ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ನಿನ ಡಬ್ಬಗಳಲ್ಲಿ. ಮಧ್ಯಾಹ್ನ 1.50ಕ್ಕೆ ಮುಂಬಯಿಯ ಜುಹು ಕಡಲಂಚಿನ ಕೆಸರು ಬಯಲಿನಲ್ಲಿ ವಿಮಾನ ಇಳಿಯಿತು.

ಏಳೂಕಾಲು ಗಂಟೆ. ಅಹಮದಾಬಾದಿನ ಮೇಲೆ ಬಂದದ್ದರಿಂದ ದೂರ ಸುಮಾರು 1,040 ಕಿ.ಮೀ. ಪುಸ್ ಮಾತ್‌ನ ಸಾಮಾನ್ಯ ವೇಗ ಗಂಟೆಗೆ ನೂರು ಮೈಲಿ, ಅಂದರೆ 160 ಕಿ.ಮೀ. ಈ ವೇಗದಲ್ಲಿ ಹಾರಾಟಕ್ಕೇ ಆರೂವರೆ ಗಂಟೆ ಬೇಕು. ಉಳಿದದ್ದು ಎತ್ತಿನ ಗಾಡಿಯ ಪೆಟ್ರೋಲಿಗೆ. ಸ್ಮರಣ ಸಂಚಿಕೆಗಳಲ್ಲಿ, ಪತ್ರಿಕೆಗಳಲ್ಲಿ ಬರುವ ಕಥೆ ಸಾಧಾರಣವಾಗಿ ಇಲ್ಲಿಗೇ ಮುಗಿಯುತ್ತದೆ: ಟಾಟಾ ಹಾರಿದರು, ಜುಹುವಿನಲ್ಲಿ ಇಳಿದರು, ಭಾರತದ ವಿಮಾನಯಾನ ಹುಟ್ಟಿತು. ಆದರೆ ಟಪಾಲು ಹೋಗಬೇಕಾಗಿದ್ದದ್ದು ಮದ್ರಾಸಿಗೆ. ಅರ್ಧ ಕಥೆ ಉಳಿದೇ ಇತ್ತು.

ಉಳಿದ ಅರ್ಧವನ್ನು ಹಾರಿದವರು ವಿನ್ಸೆಂಟ್. ಜುಹುವಿನಲ್ಲಿ ಮದ್ರಾಸಿನ ಚೀಲಗಳನ್ನು ವಹಿಸಿಕೊಂಡು ಅವರು ಅಂದೇ ಬಳ್ಳಾರಿಯತ್ತ ಹೊರಟರು. ಇಲ್ಲಿ ಗಡಿಯಾರವನ್ನು ಸ್ವಲ್ಪ ಗಮನಿಸಬೇಕು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಮುಂಬಯಿ ಬಿಟ್ಟರೆ, 613 ಕಿ.ಮೀ.ಗೆ ಗಂಟೆಗೆ 160ರ ವೇಗದಲ್ಲಿ 3 ಗಂಟೆ 50 ನಿಮಿಷ ಬೇಕು. ಬಳ್ಳಾರಿ ಮುಟ್ಟುವ ಹೊತ್ತಿಗೆ ಸಂಜೆ ಆರು. ಅಕ್ಟೋಬರ್ ನಡುವಿನಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಆರಕ್ಕೇ. ಪೂರ್ವಕ್ಕೆ ಹಾರುವವನಿಗೆ ಇನ್ನೊಂದು ತೊಂದರೆಯಿದೆ. ಒಂದು ಡಿಗ್ರಿ ಪೂರ್ವಕ್ಕೆ ಸರಿದರೆ ಸೂರ್ಯ ನಾಲ್ಕು ನಿಮಿಷ ಮೊದಲೇ ಮುಳುಗುತ್ತಾನೆ. ಮುಂಬಯಿಗೂ ಬಳ್ಳಾರಿಗೂ ನಡುವೆ ನಾಲ್ಕು ಡಿಗ್ರಿ, ಅಂದರೆ ಹದಿನಾರು ನಿಮಿಷ. ಮುಂಬಯಿಗೂ ಮದ್ರಾಸಿಗೂ ನಡುವೆ ಸುಮಾರು ಅರ್ಧ ಗಂಟೆ. ಕತ್ತಲು ಎದುರಿಗೇ ಓಡಿಬರುತ್ತಿರುತ್ತದೆ. ದೀಪವಿಲ್ಲದ ಬಯಲಿನಲ್ಲಿ ಇಳಿಯಬೇಕಾದ, ರೇಡಿಯೊ ಇಲ್ಲದ ವಿಮಾನಕ್ಕೆ ಮುಂದಿನ 425 ಕಿ.ಮೀ. ಆ ದಿನ ಸಾಧ್ಯವೇ ಇರಲಿಲ್ಲ. ವಿನ್ಸೆಂಟ್ ಅವರು ರಾತ್ರಿಯನ್ನು ಬಳ್ಳಾರಿಯಲ್ಲಿ ಕಳೆದು, ಮರುದಿನ, ಅಕ್ಟೋಬರ್ 16ರಂದು ಮದ್ರಾಸ್ ಸೇರಿದರು.

ಬಳ್ಳಾರಿಯನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ ಎಂದು ನನಗೆ ತೋರುತ್ತದೆ. ನೇರ ಗೆರೆಯ ಮೇಲಿರುವ ಊರು, ಹಗಲು ಮುಗಿಯುವ ಜಾಗದಲ್ಲಿರುವ ಊರು, ಜೊತೆಗೆ ದಂಡಿನ ಊರು. ಆಗಿನ ಬಳ್ಳಾರಿ ಮದ್ರಾಸ್ ಪ್ರಾಂತದ ಒಂದು ಜಿಲ್ಲಾ ಕೇಂದ್ರ. ಅಲ್ಲಿ ಕಂಟೋನ್ಮೆಂಟ್ ಇತ್ತು, ತಂತಿ ಕಚೇರಿ ಇತ್ತು, ರೈಲಿತ್ತು. ಸುತ್ತ ಮಟ್ಟಸವಾದ ಬಯಲು. ಅಂದಿನ ಮೈಸೂರು ಸಂಸ್ಥಾನದ ನಕಾಶೆಯಲ್ಲಿ ಬಳ್ಳಾರಿ ಇರಲಿಲ್ಲ. ಅದು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕರ್ನಾಟಕದ ವಿಮಾನಯಾನದ ಕಥೆಯನ್ನು ಬೆಂಗಳೂರಿನಿಂದ, 1940ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಆರಂಭಿಸುವವರು ಬಳ್ಳಾರಿಯನ್ನು ಬಿಟ್ಟುಬಿಡಲು ಇದೂ ಒಂದು ಕಾರಣವಿರಬಹುದು. ಗಡಿಗಳು ಬದಲಾದಾಗ ಇಂಥ ಸಂಗತಿಗಳು ಈ ಮನೆಯದೂ ಅಲ್ಲ, ಆ ಮನೆಯದೂ ಅಲ್ಲ ಎಂಬಂತೆ ಉಳಿದುಬಿಡುತ್ತವೆ.

ಅಂದಿನ ಪೈಲಟ್‌ಗೆ ಗಾಳಿಯೂ ದೊಡ್ಡ ಲೆಕ್ಕ. ಎದುರುಗಾಳಿ ಗಂಟೆಗೆ 40 ಕಿ.ಮೀ. ಬೀಸುತ್ತಿದೆ ಎಂದಿಟ್ಟುಕೊಳ್ಳಿ. 160ರ ವೇಗದ ವಿಮಾನ ನೆಲದ ಮೇಲೆ ಸಾಗುವುದು 120 ಮಾತ್ರ. ಮುಂಬಯಿ–ಬಳ್ಳಾರಿಯ 3 ಗಂಟೆ 50 ನಿಮಿಷ ಆಗ 5 ಗಂಟೆ 7 ನಿಮಿಷವಾಗುತ್ತದೆ. ಒಂದೂಕಾಲು ಗಂಟೆಗೂ ಹೆಚ್ಚು ನಷ್ಟ, ಅಷ್ಟರಲ್ಲಿ ಕತ್ತಲೂ ಆಗಿರುತ್ತದೆ, ಎಣ್ಣೆಯೂ ತೀರುತ್ತ ಬಂದಿರುತ್ತದೆ. ಅದೇ ಗಾಳಿ ಇಂದಿನ ಗಂಟೆಗೆ 830 ಕಿ.ಮೀ.ಯ ಜೆಟ್ ವಿಮಾನಕ್ಕೆ ಎದುರಾದರೆ ಮುಂಬಯಿ–ಚೆನ್ನೈ ಪೂರ್ತಿ ದಾರಿಗೆ ನಾಲ್ಕು ನಿಮಿಷ ಹೆಚ್ಚಾಗಬಹುದು. ಪ್ರಯಾಣಿಕನಿಗೆ ಗೊತ್ತೇ ಆಗುವುದಿಲ್ಲ. ವೇಗ ಕಡಿಮೆಯಿದ್ದವನಿಗೆ ಮಾತ್ರ ಪ್ರಕೃತಿಯ ಮರ್ಜಿ ತಿಳಿಯುತ್ತದೆ. ಸೈಕಲ್ಲಿನಲ್ಲಿ ಶಾಲೆಗೆ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಆಷಾಢದ ಗಾಳಿಯ ನೆನಪು ಇದ್ದೇ ಇರುತ್ತದೆ.

ಇಷ್ಟೆಲ್ಲ ಅಡ್ಡಿಗಳಿದ್ದರೂ ಸೇವೆ ನಡೆಯಿತು. ಮಳೆಗಾಲದಲ್ಲಿ ಜುಹು ಬಯಲಿನಲ್ಲಿ ನೀರು ನಿಂತರೆ ಪುಣೆಗೆ ಹೋಗಿ ಅಲ್ಲಿಂದ ಹಾರುತ್ತಿದ್ದರು. 1933ರ ಇಡೀ ವರ್ಷದಲ್ಲಿ ವಿಮಾನಗಳು ಹಾರಿದ ದೂರ 1,60,000 ಮೈಲಿ, ಸಾಗಿಸಿದ ಟಪಾಲು 10.71 ಟನ್, ಪ್ರಯಾಣಿಕರು 155. ವರ್ಷಕ್ಕೆ 155 ಜನ! ಈಗ ಮುಂಬಯಿ–ಚೆನ್ನೈ ನಡುವಿನ ಒಂದೇ ವಿಮಾನದಲ್ಲಿ ಅಷ್ಟು ಜನ ಕೂತಿರುತ್ತಾರೆ. ಅಂದು ಜನ ಮುಖ್ಯವಲ್ಲ, ಕಾಗದ ಮುಖ್ಯ. ಮನುಷ್ಯ ಟಪಾಲು ಚೀಲಗಳ ನಡುವೆ ಜಾಗವಿದ್ದರೆ ತೂರಿಕೊಳ್ಳಬೇಕಾದ ಹೆಚ್ಚುವರಿ ಸಾಮಾನು.

ಬಳ್ಳಾರಿಯ ಭಾಗ್ಯ ಮಾತ್ರ ಬಹಳ ಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರ್ಗ ಬದಲಾಗಿ, ಬಳ್ಳಾರಿಯ ಜಾಗಕ್ಕೆ ಹೈದರಾಬಾದ್ ಬಂದಿತು. ಮತ್ತೆ ಲೆಕ್ಕ ಹಾಕಿ ನೋಡಿರಿ: ಮುಂಬಯಿ–ಹೈದರಾಬಾದ್ ಸುಮಾರು 620 ಕಿ.ಮೀ., ಹೈದರಾಬಾದ್–ಮದ್ರಾಸ್ ಸುಮಾರು 520. ಕೂಡಿದರೆ 1,140. ಬಳ್ಳಾರಿಯ ಮೇಲಿನ ದಾರಿಗಿಂತ ನೂರು ಕಿ.ಮೀ. ಹೆಚ್ಚು, ಪುಸ್ ಮಾತ್ ವೇಗದಲ್ಲಿ ಸುಮಾರು ನಲವತ್ತು ನಿಮಿಷ. ಆದರೂ ಮಾರ್ಗ ಹಾಗೆಯೇ ಆಯಿತು. ಹೈದರಾಬಾದ್ ನಿಜಾಮರ ರಾಜಧಾನಿ. ಅಲ್ಲಿ ಕಾಗದ ಬರೆಯುವವರೂ ಬರೆಸಿಕೊಳ್ಳುವವರೂ ಹೆಚ್ಚು, ಖರ್ಚು ಮಾಡುವ ದರ್ಬಾರೂ ಇತ್ತು. ಬಳ್ಳಾರಿಯಲ್ಲಿ ಇದ್ದದ್ದು ಸರಿಯಾದ ಜಾಗ ಮಾತ್ರ. ಹಳಿ ಬಂದಾಗ ಗುಂತಕಲ್ಲು ಬೆಳೆಯಿತು, ಹೆದ್ದಾರಿ ಬಂದಾಗ ಎಷ್ಟೋ ಸಣ್ಣ ಊರುಗಳು ಬೆಳೆದವು, ಹೆದ್ದಾರಿ ಊರಾಚೆ ತಿರುಗಿದಾಗ ಅವುಗಳ ಹೋಟೆಲುಗಳು ಬಾಗಿಲು ಹಾಕಿಕೊಂಡವು. ಆಕಾಶದ ದಾರಿಗೂ ಇದೇ ನಿಯಮ. 1938ರಲ್ಲಿ ಸಾಮ್ರಾಜ್ಯದ ವಿಮಾನ ಟಪಾಲು ಯೋಜನೆ ಜಾರಿಯಾಗಿ ಕರಾಚಿಯ ಮಾರ್ಗ ಮದ್ರಾಸನ್ನೂ ದಾಟಿ ಕೊಲಂಬೊವರೆಗೆ ಬೆಳೆದಾಗ, ಆ ಬೆಳವಣಿಗೆಯಲ್ಲಿ ಬಳ್ಳಾರಿಗೆ ಪಾಲಿರಲಿಲ್ಲ.

ದೂರ ಹೆಚ್ಚಾದರೂ ಹೊತ್ತು ಕಡಿಮೆಯಾಗಬಹುದು ಎಂಬುದಕ್ಕೆ ಇನ್ನೂ ಸೊಗಸಾದ ಉದಾಹರಣೆ ಸ್ವಾತಂತ್ರ್ಯ ಬಂದ ಮೇಲಿನದು. 1949ರಲ್ಲಿ ಕೇಂದ್ರ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಕಾಲದಲ್ಲಿ ರಾತ್ರಿ ಟಪಾಲು ವಿಮಾನಗಳು ಆರಂಭವಾದವು. ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸು ನಾಲ್ಕೂ ಕಡೆಯಿಂದ ರಾತ್ರಿ ಒಂದೊಂದು ವಿಮಾನ ಹೊರಟು ನಾಗಪುರದಲ್ಲಿ ಸೇರುವುದು. ಅಲ್ಲಿ ನಡುರಾತ್ರಿಯಲ್ಲಿ ಚೀಲಗಳನ್ನು ಅದಲು ಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಹಿಂತಿರುಗುವುದು. ಸಂತೆಯಲ್ಲಿ ನಾಲ್ಕು ಹಳ್ಳಿಯವರು ಕೂಡಿ ಸಾಮಾನು ಬದಲಾಯಿಸಿಕೊಂಡ ಹಾಗೆ. ಮುಂಬಯಿಯಿಂದ ನಾಗಪುರದ ಮೇಲೆ ಮದ್ರಾಸಿಗೆ ಸುಮಾರು 1,590 ಕಿ.ಮೀ. ಆಗುತ್ತದೆ, ನೇರ ದಾರಿಯ ಒಂದೂವರೆ ಪಟ್ಟು. ಆದರೂ ಸಂಜೆ ಮುಂಬಯಿಯಲ್ಲಿ ಹಾಕಿದ ಕಾಗದ ಬೆಳಿಗ್ಗೆ ಮದ್ರಾಸಿನಲ್ಲಿ! 1932ರಲ್ಲಿ ನೇರ ಗೆರೆಯ ಮೇಲೆ ಹಾರಿದ ಚೀಲ ಬಳ್ಳಾರಿಯಲ್ಲಿ ಇಡೀ ರಾತ್ರಿ ಸುಮ್ಮನೆ ಬಿದ್ದಿತ್ತು. 1949ರಲ್ಲಿ ಸುತ್ತು ಹಾಕಿದ ಚೀಲ ರಾತ್ರಿಯನ್ನೇ ದಾರಿ ಮಾಡಿಕೊಂಡಿತು. ವಿಮಾನದ ವೇಗಕ್ಕಿಂತ ಹೆಚ್ಚು ಹೊತ್ತನ್ನು ಉಳಿಸಿದ್ದು ಕತ್ತಲಲ್ಲಿ ಹಾರಲು ಕಲಿತದ್ದು, ಅಂದರೆ ರೇಡಿಯೊ ಮತ್ತು ರನ್‌ವೇಯ ದೀಪಗಳು. ಜೆ.ಆರ್.ಡಿ. ಅವರಿಗೆ ಈ ರಾತ್ರಿ ಯೋಜನೆ ಹಿಡಿಸಿರಲಿಲ್ಲ, ಅವಸರದ ಕೆಲಸವೆಂದು ವಿರೋಧಿಸಿದ್ದರು. ಆದರೆ ಅದು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ನಮ್ಮ ಶಾಲೆಯ ಹಿರಿಯರಲ್ಲಿ ಮದ್ರಾಸಿನಿಂದಲೋ ಮುಂಬಯಿಯಿಂದಲೋ ನೌಕರಿಯ ಆದೇಶ ಪಡೆದವರಿದ್ದರೆ ಅವರ ಕಾಗದ ಒಂದು ನಡುರಾತ್ರಿ ನಾಗಪುರ ನೋಡಿಕೊಂಡು ಬಂದಿದ್ದರೂ ಬಂದಿರಬಹುದು.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು. 1953ರಲ್ಲಿ ವಿಮಾನಯಾನವೆಲ್ಲ ರಾಷ್ಟ್ರೀಕರಣಗೊಂಡು ದೇಶದೊಳಗಿನ ಹಾರಾಟ ಇಂಡಿಯನ್ ಏರ್‌ಲೈನ್ಸ್ ಪಾಲಿಗೆ ಬಂದಿತು. ಯುದ್ಧಾನಂತರ ಎಲ್ಲೆಲ್ಲೂ ಕಾಣುತ್ತಿದ್ದ ಡಕೋಟಾದ ವೇಗಕ್ಕೆ ಮುಂಬಯಿ–ಮದ್ರಾಸ್ ನಾಲ್ಕು ಗಂಟೆಯ ಹತ್ತಿರದ ದಾರಿ. 1957ರಲ್ಲಿ ಬಂದ ವೈಕೌಂಟ್‌ಗೆ ಎರಡೂಕಾಲು ಗಂಟೆ ಎನ್ನಬಹುದು. 1964ರಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ಕ್ಯಾರವೆಲ್ ಎಂಬ ಜೆಟ್ ಬಂದ ಮೇಲೆ ಎರಡು ಗಂಟೆಯ ಒಳಗೆ. ಮೂವತ್ತೆರಡು ವರ್ಷದಲ್ಲಿ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಬೆಳಗಿನ ದಾರಿ ಎರಡು ಗಂಟೆಗೆ ಇಳಿಯಿತು.

ವಿಚಿತ್ರವೆಂದರೆ ಅಲ್ಲಿಗೆ ನಿಂತುಬಿಟ್ಟಿತು. ಕ್ಯಾರವೆಲ್ ಬಂದು ಅರವತ್ತು ವರ್ಷವಾಯಿತು, ಇಂದಿಗೂ ಟಿಕೆಟ್ಟಿನ ಮೇಲೆ ಹೆಚ್ಚುಕಡಿಮೆ ಎರಡು ಗಂಟೆಯೇ ಇದೆ. 1,030 ಕಿ.ಮೀ.ಯನ್ನು 830ರಿಂದ ಭಾಗಿಸಿದರೆ ಒಂದೂಕಾಲು ಗಂಟೆ ಬರುತ್ತದೆಯಲ್ಲ, ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಬೇಕು. ಟಿಕೆಟ್ಟಿನ ಹೊತ್ತು ಹಾರಾಟದ ಹೊತ್ತಲ್ಲ. ನಿಂತ ಜಾಗದಿಂದ ವಿಮಾನ ಅಲ್ಲಾಡಿದಾಗ ಶುರುವಾಗಿ, ಆ ಊರಿನಲ್ಲಿ ನಿಲ್ಲುವ ಜಾಗಕ್ಕೆ ಸೇರಿದಾಗ ಮುಗಿಯುತ್ತದೆ. ರನ್‌ವೇಯವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು, ಮೇಲೇರುವಾಗ ಇಳಿಯುವಾಗ ವೇಗ ಕಡಿಮೆಯಿರುವುದು, ಇಳಿಯಲು ಜಾಗ ಸಿಗದೆ ಮೇಲೆಯೇ ಸುತ್ತುವುದು, ಎಲ್ಲವೂ ಅದರಲ್ಲಿ ಸೇರಿವೆ. ಮುಂಬಯಿಯಂಥ ಕಿಕ್ಕಿರಿದ ನಿಲ್ದಾಣದಲ್ಲಿ ಈ ಹೊತ್ತು ಹೆಚ್ಚುತ್ತಲೇ ಇದೆ. ನಮ್ಮ ಹಳ್ಳಿಯಿಂದ ಹೊರಡುವವರಿಗಂತೂ ವಿಮಾನ ನಿಲ್ದಾಣ ಮುಟ್ಟುವುದೇ ಹಾರುವುದಕ್ಕಿಂತ ಉದ್ದದ ಪ್ರಯಾಣ. ಅಮೆರಿಕದಿಂದ ಈ ಮಹೋತ್ಸವಕ್ಕೆ ಬಂದ ನಮ್ಮ ಶಾಲೆಯ ಹುಡುಗರನ್ನು ಕೇಳಿ ನೋಡಿ, ಬೆಂಗಳೂರಿನಲ್ಲಿ ಇಳಿದ ಮೇಲಿನ ರಾತ್ರಿಯ ಬಸ್ಸಿನ ಕಥೆಯನ್ನೇ ಮೊದಲು ಹೇಳುತ್ತಾರೆ.

ಬಳ್ಳಾರಿ ಜಿಲ್ಲೆಗೆ ನಿತ್ಯದ ವಿಮಾನ ಮತ್ತೆ ಬಂದದ್ದು ತೋರಣಗಲ್ಲಿನ ಬಳಿಯ ವಿದ್ಯಾನಗರ ನಿಲ್ದಾಣಕ್ಕೆ, ಕಾರ್ಖಾನೆಗಾಗಿ ಕಟ್ಟಿದ ರನ್‌ವೇಗೆ. 2017ರಲ್ಲಿ ಉಡಾನ್ ಯೋಜನೆಯ ಅಡಿಯಲ್ಲಿ ಅಲ್ಲಿಂದ ಸಾಮಾನ್ಯ ಪ್ರಯಾಣಿಕರ ಹಾರಾಟ ಶುರುವಾಯಿತು. ಮೊದಲ ವಿಮಾನ ಹೋದದ್ದು ಹೈದರಾಬಾದಿಗೆ. ಎಂಬತ್ತು ವರ್ಷದ ಹಿಂದೆ ನಮ್ಮ ಜಾಗವನ್ನು ತೆಗೆದುಕೊಂಡ ಊರಿಗೇ ಎಂದು ನಾನು ಆಗ ನಕ್ಕಿದ್ದೆ. ಮುಂಬಯಿ ಚೆನ್ನೈ ನಡುವಿನ ನೇರ ಗೆರೆ ಮಾತ್ರ ಈಗಲೂ ನಮ್ಮ ತಲೆಯ ಮೇಲೇ ಇದೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಸಾಗುವ ವಿಮಾನಕ್ಕೆ ಇಡೀ ಬಳ್ಳಾರಿ ಜಿಲ್ಲೆ ಏಳೆಂಟು ನಿಮಿಷದ ವಿಷಯ.

ಈ ಮಾರ್ಗ ತೆರೆದ ಇಬ್ಬರ ಬಗ್ಗೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. ಜೆ.ಆರ್.ಡಿ. ಅವರು 1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಮೊದಲ ಹಾರಾಟದ ಐವತ್ತನೆಯ ವರ್ಷದ ನೆನಪಿಗೆ, ಆ ಕಾಲದ್ದೇ ಆದ ಲೆಪರ್ಡ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಬ್ಬರೇ ಹಾರಿದರು. ಅದು ಆ ಮಾರ್ಗದ ಸುವರ್ಣ ಮಹೋತ್ಸವ. ಜುಹುವಿನಲ್ಲಿ ಅವರನ್ನು ಎದುರುಗೊಳ್ಳಲು ದೊಡ್ಡ ಜನಸಂದಣಿಯೇ ಸೇರಿತ್ತು. 1932ರಲ್ಲಿ ಅಲ್ಲಿಂದ ಚೀಲ ಹೊತ್ತು ಬಳ್ಳಾರಿಗೆ ಹಾರಿದ್ದ ವಿನ್ಸೆಂಟ್ ಅವರು ಆ ಸಂದಣಿಯಲ್ಲಿ ಇರಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಇಂಗ್ಲೆಂಡಿನಿಂದ ಭಾರತಕ್ಕೆ ಹಿಂತಿರುಗಲು ಅವರು ಹತ್ತಿದ್ದ ಸೇನಾ ವಿಮಾನ ದಾರಿಯಲ್ಲೇ ಕಾಣೆಯಾಗಿತ್ತು.